ಕೊಟ್ಟ ಬೆಡ್‌ಶೀಟಿನ ಬೆನ್ನು ಹತ್ತಿ

ನಮ್ಮ ಮನೆಯಲ್ಲಿ ಕೆಳಗೆ ಹಾಸುವುದಕ್ಕೂ ಚಾದರ ಎನ್ನುತ್ತೇವೆ, ಮೇಲೆ ಹೊದೆಯುವುದಕ್ಕೂ ಚಾದರ ಎನ್ನುತ್ತೇವೆ. ಚಳಿಗೆ ಕೌದಿ, ನಾಲ್ಕು ಮಂದಿ ಬಂದರೆ ಜಮಖಾನ. ಬೆಡ್‌ಶೀಟ್ ಎಂಬುದು ಇವ್ಯಾವೂ ಅಲ್ಲ. ರಾಯಚೂರಿನಲ್ಲಿ ನಮ್ಮಂಥವರ ಮನೆಗಳಲ್ಲಿ ಬೆಡ್‌ಶೀಟ್ ಎಂದರೆ ಪ್ಲಾಸ್ಟಿಕ್ ಚೀಲದೊಳಗೆ ರಟ್ಟಿನ ಸುತ್ತ ಮಡಿಚಿಕೊಂಡು, ಎರಡು ದಿಂಬಿನ ಕವರುಗಳ ಜೊತೆ, ಜಿಪ್ ಹಾಕಿಸಿಕೊಂಡು ಕಪಾಟಿನಲ್ಲಿ ಕೂತಿರುವ ಸಾಮಾನು. ಅದರ ಮೇಲೆ ಯಾರೂ ಮಲಗುವುದಿಲ್ಲ. ಅದು ಇರುವುದೇ ಕೊಡುವುದಕ್ಕೆ. ಯಾರಾದರೂ ಧೈರ್ಯ ಮಾಡಿ ಜಿಪ್ ತೆಗೆದು ಹಾಸಿದರೆ ಆವತ್ತಿನಿಂದ ಅದು ಚಾದರ.

ಮದುವೆ, ಬಸುರಿಗೆ ಮಾಡುವ ಕುಬಸ, ಹೊಸಮನೆಯ ಶಾಂತಿ, ಯಾವ ಕಾರ್ಯಕ್ಕೆ ಹೋದರೂ ಕೈಯಲ್ಲೊಂದು ಬಟ್ಟೆ ಹಿಡಿದು ಹೋಗಬೇಕು. ಅದಕ್ಕೆ ಆಯೇರಿ ಎನ್ನುತ್ತಾರೆ. ಹಿಂದೆ ಕುಪ್ಪಸದ ಖಣ, ಟಾವೆಲು ಕೊಡುತ್ತಿದ್ದರು. ಈಗ ಬೆಡ್‌ಶೀಟು. ನಮಗೆ ಬಂದದ್ದನ್ನು ಬಿಚ್ಚದೆ ಮುಂದಿನ ಮನೆಗೆ ದಾಟಿಸುವುದು ಎಲ್ಲರೂ ಮಾಡುವ ಕೆಲಸ, ಒಬ್ಬರೂ ಒಪ್ಪಿಕೊಳ್ಳದ ಕೆಲಸ. ಕೊಟ್ಟವರ ಮನೆಗೇ ತಿರುಗಿ ಹೋಗದಂತೆ ನೋಡಿಕೊಳ್ಳಬೇಕು, ಅಷ್ಟೇ. ಈ ವಿದ್ಯೆಯಲ್ಲಿ ನಮ್ಮತ್ತೆಯನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಯಾವುದು ಯಾರ ಮನೆಯಿಂದ ಬಂತು, ಯಾರಿಗೆ ಕೊಟ್ಟರೆ ನಡೆಯುತ್ತದೆ, ಯಾರಿಗೆ ಕೊಟ್ಟರೆ ಮಾತು ಬರುತ್ತದೆ, ಎಲ್ಲ ಅವರಿಗೆ ಬಾಯಿಪಾಠ.

ಆ ಕಪಾಟಿನಲ್ಲಿ ಒಂದು ನೇರಳೆ ಬಣ್ಣದ ಬೆಡ್‌ಶೀಟ್ ಇತ್ತು. ಮೈತುಂಬ ಅಂಗೈಯಗಲದ ಹಳದಿ ಹೂಗಳು. ಅದನ್ನು ಆರಿಸಿ ತಂದವರು ಯಾರೋ, ಅಂಗಡಿಯಲ್ಲಿ ಕರೆಂಟು ಹೋಗಿದ್ದಾಗ ತಂದಿರಬೇಕು ಎಂದು ನಾನು ನಗಾಡುತ್ತಿದ್ದೆ. ಅದರ ಜಿಪ್ ಬೇರೆ ಕೆಟ್ಟು ಅರ್ಧಕ್ಕೆ ನಿಂತಿತ್ತು. ಜಿಪ್ ಕೆಟ್ಟದ್ದನ್ನು ಯಾರಿಗೂ ಕೊಡುವ ಹಾಗಿಲ್ಲ. ಹಾಗಾಗಿ ಅದು ಈ ಮನೆಯ ಹೊಸಲು ದಾಟುವುದಿಲ್ಲ ಎಂದು ನಾನು ನಂಬಿದೆ. ನಂಬಿ, ನನ್ನ ಹತ್ತನೇ ತರಗತಿಯ ಅಂಕಪಟ್ಟಿಯನ್ನು ಅದರ ರಟ್ಟಿನ ಕೆಳಗೆ ಸರಿಸಿ ಇಟ್ಟೆ. ಮೊದಲು ಟ್ರಂಕಿನಲ್ಲಿದ್ದಾಗ ಒಂದು ಮೂಲೆಯನ್ನು ಜಿರಳೆ ತಿಂದಿತ್ತು. ಇಲ್ಲಿ ಜಿರಳೆಯಿಲ್ಲ, ತೇವವಿಲ್ಲ, ಒಂದು ಮಡಿಕೆಯೂ ಬೀಳುವುದಿಲ್ಲ. ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ನಿನ್ನ ಕಾಗದಕ್ಕೂ ನನ್ನ ಕಪಾಟೇ ಬೇಕೇನು ಎನ್ನುತ್ತಿದ್ದರು, ಮತ್ತೆ ನಾನು ಸುಮ್ಮನಿರುತ್ತಿರಲಿಲ್ಲ. ನನ್ನ ಬಾಯಿ ನನಗೇ ಗೊತ್ತು.

ನನಗೆ ಮೂವತ್ತನಾಲ್ಕು ತುಂಬಿದ ವರ್ಷ ನಮ್ಮ ಓಣಿಯ ಅಂಗನವಾಡಿಗೆ ಕಾರ್ಯಕರ್ತೆ ಬೇಕೆಂದು ಅರ್ಜಿ ಕರೆದರು. ಮೂವತ್ತೈದು ದಾಟಿದವರಿಗೆ ಅವಕಾಶವಿಲ್ಲ. ಹತ್ತನೇ ತರಗತಿಯಲ್ಲಿ ನನಗೆ ಬಂದಷ್ಟು ಅಂಕ ನಮ್ಮ ಓಣಿಯಲ್ಲಿ ಯಾರಿಗೂ ಬಂದಿರಲಿಲ್ಲ. ಬಂದು ಏನಾಯಿತು, ಹದಿನೆಂಟಕ್ಕೆ ಮದುವೆ ಮಾಡಿದರು. ಆ ಅಂಕಗಳು ಹದಿನಾರು ವರ್ಷ ಒಂದು ರೊಟ್ಟಿಯನ್ನೂ ಸುಡಲಿಲ್ಲ. ಈಗ ಕೊನೆಗೊಮ್ಮೆ ಕೆಲಸಕ್ಕೆ ಬಂದಾವು ಎಂದು, ಕೈಯಲ್ಲಿದ್ದ ಹಳೇ ಜೆರಾಕ್ಸ್ ನೋಡಿ ಅರ್ಜಿ ತುಂಬಿಸಿದೆ. ಒಂದು ಶನಿವಾರ ಮಧ್ಯಾಹ್ನ ಫೋನಿಗೆ ಸಂದೇಶ ಬಂತು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂಲ ಅಂಕಪಟ್ಟಿಯೊಂದಿಗೆ ಹಾಜರಾಗಬೇಕು. ಇಲ್ಲವಾದರೆ ಎರಡನೆಯ ಹೆಸರಿನವಳಿಗೆ ಹೋಗುತ್ತದೆ.

ಕಪಾಟು ತೆಗೆದೆ. ಹಸಿರು ಇತ್ತು, ಗುಲಾಬಿ ಇತ್ತು, ನವಿಲಿನದು ಇತ್ತು. ನೇರಳೆ ಇರಲಿಲ್ಲ. ಅತ್ತೆ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು.

"ಅತ್ತಿ, ಆ ನೇರಳಿ ಬೆಡ್‌ಶೀಟ್ ಎಲ್ಲಿ ಹೋತ್ರಿ?"

"ಮಾನ್ವಿ ಬೀಗರ ಮನಿ ಶಾಂತಿಗೆ ಕೊಟ್ವಲ್ಲ. ಯಾಕ?"

"ಅದರ ಜಿಪ್ ಕೆಟ್ಟಿತ್ತಲ್ರಿ."

"ಮೇಣದಬತ್ತಿ ತಿಕ್ಕಿದೆ. ಸುಳ್ ಅಂತ ಓಡ್ತು," ಎಂದರು ಅತ್ತೆ. ಅವರ ಮುಖದಲ್ಲಿ ಹೆಮ್ಮೆಯಿತ್ತು.

ನಾನು ಅಲ್ಲೇ ನೆಲಕ್ಕೆ ಕೂತೆ. ಸಂಗತಿ ಹೇಳಿದೆ. ಹೇಳುತ್ತಾ ಹೇಳುತ್ತಾ ಸಿಟ್ಟು ನೆತ್ತಿಗೇರಿತು. ಒಂದು ಮಾತೂ ಕೇಳದೆ ಕೊಟ್ಟಿರಲ್ಲ ಎಂದೆ. ನನ್ನ ಕಪಾಟಿನ ಸಾಮಾನು ಕೊಡಲು ನಿನ್ನ ಅಪ್ಪಣೆ ಬೇಕಿತ್ತೇನು ಎಂದರು. ಕಾಗದ ಇಡುವ ಜಾಗ ಅದೇನು ಎಂದರು. ಎರಡೂ ಕಡೆ ನ್ಯಾಯವಿತ್ತು, ಅದಕ್ಕೇ ಜಗಳ ಮುಗಿಯಲಿಲ್ಲ. ನನ್ನ ಗಂಡ ಒಳಗಿನಿಂದಲೇ, "ಡೂಪ್ಲಿಕೇಟ್ ತರಸಿದ್ರಾತು ಬಿಡು," ಎಂದರು. "ಸೋಮವಾರದೊಳಗ ತರಸ್ರಿ ಹಂಗಾದ್ರ," ಎಂದೆ.

ಮಾನ್ವಿಗೆ ಫೋನ್ ಮಾಡಿ ಕೇಳಬಹುದಿತ್ತು. ಅತ್ತೆ ಬಿಡಲಿಲ್ಲ. ಕೊಟ್ಟ ಆಯೇರಿಯನ್ನು ತಿರುಗಿ ಕೇಳುವುದೆಂದರೆ ನಮ್ಮ ಕಡೆ ಹಾಕಿದ ಎಲೆಯ ಮೇಲಿನ ಅನ್ನ ಎತ್ತಿಕೊಂಡಂತೆ. ಫೋನಿನಲ್ಲಿ ಕೇಳಿದರೆ ಒಂದು ತಾಸಿನಲ್ಲಿ ಬೀಗರಿಗೆಲ್ಲ ಗೊತ್ತಾಗುತ್ತದೆ. ಸರಿ, ನಾನೇ ಹೋಗುತ್ತೇನೆ ಎಂದೆ. ಆ ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ನೋಡಿದರೆ ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು, ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾರೆ.

"ನೀ ಒಬ್ಬಾಕಿ ಹೋದ್ರ ಅಲ್ಲಿ ಜಗಳ ತೆಗೀತಿ," ಎಂದರು. "ನಡಿ."

ಮಾನ್ವಿಯ ಬಸ್ಸು ದಾರಿಯಲ್ಲಿ ಕುರ್ಡಿಗೆ ಹೋಗುವವರನ್ನು ಇಳಿಸಲು ನಿಂತಿತು. ಆಮೇಲೆ ಹಾಲಿನ ಕ್ಯಾನು ಹತ್ತಿಸಲು ನಿಂತಿತು. ಡ್ರೈವರು ಯಾರನ್ನೋ ಕಂಡು ಮಾತಿಗೆ ನಿಂತ. ನಾನು ಸೀಟಿನ ಅಂಚಿಗೆ ಕೂತು ಸೆರಗಿನ ತುದಿ ತಿರುವುತ್ತಿದ್ದೆ. ಬಿಚ್ಚಿರಬಹುದೇ, ಬಿಚ್ಚಿ ರಟ್ಟಿನ ಜೊತೆ ಕಾಗದವನ್ನೂ ಒಲೆಗೆ ಹಾಕಿರಬಹುದೇ ಎಂಬುದೊಂದೇ ತಲೆಯಲ್ಲಿ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಎನ್ನುತ್ತಾರಲ್ಲ, ಆ ತುತ್ತು ನನ್ನ ಕಣ್ಣ ಮುಂದೆಯೇ ಇತ್ತು.

ಮಾನ್ವಿಯ ಬೀಗರು ಅಕ್ಕಿ ಗಿರಣಿಯವರು. ಹೊಸ ಮನೆ ದೊಡ್ಡದು, ಮಹಡಿಯದು. ಮನೆಯಾಕೆ ನನಗಿಂತ ಹತ್ತು ವರ್ಷ ದೊಡ್ಡವರು, ಬಾಯಿತುಂಬ ಮಾತಾಡುವವರು. "ಬರ್ರಿ ಬರ್ರಿ, ಹೇಳದ ಕೇಳದ ಬಂದೀರಿ," ಎಂದು ಕೂಡಿಸಿ ಮಂಡಾಳ ಒಗ್ಗರಣಿ, ಮಿರ್ಚಿ ತಂದಿಟ್ಟರು. ಎರಡನೇ ಮಾತಿಗೇ ಕೇಳಿಬಿಟ್ಟೆ.

"ಅಕ್ಕಾರ, ಶಾಂತಿಗೆ ನಾವೊಂದು ಬೆಡ್‌ಶೀಟ್ ಕೊಟ್ಟಿದ್ವಲ್ಲ, ಅದು ಅದ ಏನ್ರಿ?"

"ಅಯ್ಯ, ಅದ ಹಾಸಾಕತ್ತೀವಲ್ರಿ. ಭಾಳ ಚಲೋ ಅದ. ಮೆತ್ತಗ."

"ಯಾವ ಖೋಲ್ಯಾಗ್ರಿ?"

"ಮ್ಯಾಲಿನ ಖೋಲ್ಯಾಗ."

ನಾನು ಎದ್ದೇ ಬಿಟ್ಟೆ. ಅವರು ಹಿಂದೆ ಹಿಂದೆ ಬಂದರು. ಮೇಲಿನ ಕೋಣೆಯ ಮಂಚದ ಮೇಲೆ ನೀಲಿ ಚೌಕುಳಿಯದು. ಪಕ್ಕದ ಕೋಣೆಯಲ್ಲಿ ಬಿಳಿಯದು. ಒಗೆಯಲು ಹಾಕಿರಬೇಕು ಎಂದರು. ಹಿತ್ತಲಿನ ಹಗ್ಗದ ಮೇಲೆ ಎರಡು ಲುಂಗಿ ಒಣಗುತ್ತಿದ್ದವು. "ಗುಲಾಬಿ ಬಣ್ಣದ್ದಲ್ಲೇನ್ರಿ ಅದು?" ಎಂದರು. ಆಗ ನನಗೆ ಗೊತ್ತಾಯಿತು, ಈಕೆ ಅದನ್ನು ಸರಿಯಾಗಿ ನೋಡಿಯೂ ಇಲ್ಲ. ಬಂದಷ್ಟೇ ವೇಗದಲ್ಲಿ ಸಾಗಹಾಕಿದ್ದಾರೆ, ಈಗ ಬಾಯಿ ಬಿಡಲು ನಾಚಿಕೆ. ಸುಳ್ಳು ಹೇಳಬೇಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ನನ್ನ ರಟ್ಟೆ ಚಿವುಟಿ ಹಿಂದಕ್ಕೆ ಎಳೆದರು. ಈಗಲೂ ಆ ಚಿವುಟು ನೆನಪಿದೆ, ಎರಡು ದಿನ ಕಪ್ಪಗಿತ್ತು.

ಮತ್ತೆ ಕೂತೆವು. ಅತ್ತೆ ಚಹಾದ ಬಟ್ಟಲು ಕೆಳಗಿಟ್ಟರು.

"ಯವ್ವಾ, ಒಂದ್ ಮಾತು ಹೇಳ್ತೀನಿ, ನಗಬ್ಯಾಡ," ಎಂದರು. "ಅದು ನಾವು ಅಂಗಡ್ಯಾಗ ತಂದಿದ್ದಲ್ಲ. ನಮಗೂ ಯಾರೋ ಕೊಟ್ಟಿದ್ದು. ಜಿಪ್ ಕೆಟ್ಟಿತ್ತು. ಮೇಣ ತಿಕ್ಕಿ ನಿಮಗ ದಾಟಿಸಿದೆ. ನನ್ನ ಸೊಸಿ ಮಾರ್ಕ್ಸ್‌ಕಾರ್ಡ್ ಅದರಾಗ ಸಿಕ್ಕೊಂಡದ. ನಾಳಿ ಅದು ಇಲ್ಲಂದ್ರ ಈಕಿ ನೌಕರಿ ಹೋಗ್ತದ."

ನಾನು ಅತ್ತೆಯ ಮುಖವನ್ನೇ ನೋಡಿದೆ. ಹದಿನಾರು ವರ್ಷದಲ್ಲಿ ಅವರು ಯಾರ ಮುಂದೆಯೂ ತಪ್ಪಾಯಿತು ಅಂದದ್ದನ್ನು ಕೇಳಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿನದೇ ತಪ್ಪು ಎನ್ನುವವರು. ಮನೆಯಾಕೆ ಸೆರಗು ಬಾಯಿಗೆ ಹಚ್ಚಿ ನಗತೊಡಗಿದರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು.

"ನಾನೂ ದಾಟಿಸೀನ್ರಿ," ಎಂದರು. "ದೇವದುರ್ಗದಾಗ ನಮ್ಮ ಚಿಕ್ಕವ್ವ ಇದ್ದಾಳ, ಕಿರಾಣಿ ಅಂಗಡಿಯಾಕಿ. ಆಕಿ ಮಗಳ ಮದುವಿಗೆ ಕೊಟ್ಟೆ. ಬಿಚ್ಚಿ ಸೈತ ನೋಡಿಲ್ಲ. ನನ್ನ ಹೆಸರು ಹೇಳ್ರಿ, ಆದ್ರ ಹೆಂಗ ಗೊತ್ತಾತು ಅಂತ ಮಾತ್ರ ಹೇಳಬ್ಯಾಡ್ರಿ."

ಹೆಸರು ಹೇಳಬೇಕಂತೆ, ಹೇಗೆ ಗೊತ್ತಾಯಿತೆಂದು ಹೇಳಬಾರದಂತೆ. ಬಸ್‌ಸ್ಟ್ಯಾಂಡಿನವರೆಗೆ ನಾನು ಅದನ್ನೇ ಗೊಣಗುತ್ತಾ ನಡೆದೆ. ದೇವದುರ್ಗದ ಬಸ್ಸು ಸಿಗಲು ಮುಕ್ಕಾಲು ಗಂಟೆ ಹೋಯಿತು, ಮುಟ್ಟುವಷ್ಟರಲ್ಲಿ ಎರಡು ಹೊಡೆದಿತ್ತು. ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ದಾರಿಯಲ್ಲಿ ಒಂದು ಲೋಟ ಕಬ್ಬಿನ ಹಾಲು ಕುಡಿಸೋಣ ಎಂದರೆ, "ಮೊದಲ ಕಾಗದ ಸಿಗಲಿ," ಎಂದರು ಅತ್ತೆ.

ಕಿರಾಣಿ ಅಂಗಡಿಯ ಹಿಂದೆಯೇ ಮನೆ. ಚಿಕ್ಕವ್ವ ಎನ್ನುವಾಕೆ ಅರವತ್ತರ ಹೆಂಗಸು, ಊಟ ಮುಗಿಸಿ ಅಡ್ಡಾಗಿದ್ದರು. ಈ ಸಲ ಅತ್ತೆ ನೀರು ಕುಡಿಯುವ ಮೊದಲೇ ಎಲ್ಲ ಹೇಳಿದರು. ನಮಗೆ ಬಂದದ್ದು, ನಾವು ದಾಟಿಸಿದ್ದು, ಮಾನ್ವಿಯವರು ದಾಟಿಸಿದ್ದು. ಹೇಳಬೇಡಿ ಎಂದಿದ್ದ ಮಾನ್ವಿಯಾಕೆಯ ಮಾತು ಅಲ್ಲಿಗೆ ಹೋಯಿತು. ಹೋಗಲಿ ಎಂದುಕೊಂಡೆ. ಆಕೆ ನಗಲಿಲ್ಲ. ಎದ್ದು ಕೂತು ಸೆರಗು ಸರಿಮಾಡಿಕೊಂಡರು.

"ಮದುವಿ ಕೆಲಸಕ್ಕ ಅರಕೇರಾದಿಂದ ಒಬ್ಬಾಕಿ ಬಂದಿದ್ಲು," ಎಂದರು. "ಎಂಟು ದಿನ ಭಾಂಡೆ ತಿಕ್ಕಿದ್ಲು, ಪಾಪ. ಹೋಗೋ ಮುಂದ ಆಕಿಗೆ ಕೊಟ್ಟೆ."

"ಆಕಿ ಬಿಚ್ಚಿದ್ರ ಕಾಗದ ಸಿಕ್ಕಿರಬೇಕಲ್ರಿ?" ಎಂದೆ ನಾನು.

ಆಕೆ ನನ್ನ ಮುಖ ನೋಡಲಿಲ್ಲ. "ಸಿಕ್ಕಿತ್ತು," ಎಂದರು. "ಆಕಿ ತಂದಿದ್ಲು. ಪಾಕೀಟಿನಾಗ ಇತ್ತು, ನಿಮ್ದೇನ್ರಿ ಅಂತ ಕೇಳಿದ್ಲು. ಆವತ್ತ ಮನ್ಯಾಗ ಮಾನ್ವಿಯಾಕಿ ಕುಂತಿದ್ಲು. ಆಕಿ ಕೊಟ್ಟ ಆಯೇರಿ ಭಾಂಡೆ ತಿಕ್ಕಾಕಿಗೆ ಕೊಟ್ಟೀನಿ ಅಂತ ಗೊತ್ತಾಗ್ತದಲ್ಲ. ನಮ್ದಲ್ಲ ಹೋಗವ್ವ ಅಂದು ಕಳಿಸಿದೆ."

ನನ್ನ ಮೈ ಉರಿಯಿತು. "ನಿಮ್ಮ ಮಾನ ಉಳಸ್ಕೊಳ್ಳಾಕ ನನ್ನ ಕಾಗದ ಬಾಗಲಿಂದ ತಿರುಗಿ ಕಳಿಸಿದ್ರೇನ್ರಿ? ಅದರಾಗ ಹೆಸರಿತ್ತಲ್ರಿ, ಊರಿತ್ತಲ್ರಿ. ಓದಿ ನೋಡಬಾರದಾಗಿತ್ತೇನು?" ಎಂದೆ. ಹೇಳಬಾರದ ಇನ್ನೆರಡು ಮಾತನ್ನೂ ಹೇಳಿದೆ. ಈ ಸಲ ಅತ್ತೆ ಚಿವುಟಲಿಲ್ಲ. ಆಕೆ ಎಲ್ಲ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ, "ಲಗೂನ ಹೋಗ್ರಿ. ಅವರ ಓಣಿ ಮಂದಿ ಇವತ್ತ ಸಂಜಿ ಬಸ್ಸಿಗೆ ಬೆಂಗಳೂರಿಗೆ ದುಡಿಯಾಕ ಹೊಂಟಾರ. ಉಗಾದಿಗೇ ತಿರುಗಿ ಬರೋದು," ಎಂದರು.

ಅರಕೇರಾದ ಕಡೆ ಹೊರಟಿದ್ದ ಟಂಟಂ ಗಾಡಿಯಲ್ಲಿ ಆಗಲೇ ಹನ್ನೊಂದು ಜನ ಇದ್ದರು. ನಾವು ಹದಿಮೂರು ಆದೆವು. ಅತ್ತೆಯ ಇಳಕಲ್ ಸೀರೆಯ ಅರ್ಧ ಹೊರಗೆ ಹಾರಾಡುತ್ತಿತ್ತು. ನಾನು ಡ್ರೈವರಿಗೆ ಜೋರಾಗಿ ಹೊಡಿ ಎಂದು ಎಷ್ಟು ಸಲ ಹೇಳಿದೆನೋ, ಅವನು ಕೊನೆಗೆ, "ನೀವ ಹೊಡೀರಿ ಬರ್ರಿ, ಅಕ್ಕಾರ," ಎಂದ. ಗಾಡಿಯೆಲ್ಲ ನಕ್ಕಿತು. ನನಗೆ ಅಳು ಬರುವಂತಿತ್ತು.

ಬಸ್ಸು ನಿಲ್ಲುವ ಕಡೆ ಬೇವಿನ ಗಿಡದ ಕೆಳಗೆ ಮೂವತ್ತು ಮಂದಿ ಕೂತಿದ್ದರು. ಗಂಟು, ಮೂಟೆ, ಪ್ಲಾಸ್ಟಿಕ್ ಕೊಡ, ಸಲಿಕೆ. ಅಷ್ಟರ ನಡುವೆ ಅದು ನನ್ನ ಕಣ್ಣಿಗೆ ರಪ್ಪನೆ ಬಡಿಯಿತು. ನೇರಳೆ ಬಣ್ಣದ ಮೇಲೆ ಹಳದಿ ಹೂ. ನಾಲ್ಕೂ ತುದಿ ಎಳೆದು ಬಿಗಿದ ದೊಡ್ಡ ಗಂಟು, ಅದಕ್ಕೆ ಒರಗಿ ಕೂತ ನನ್ನಷ್ಟೇ ವಯಸ್ಸಿನ ಹೆಂಗಸು. ಗಾಡಿ ನಿಲ್ಲುವ ಮೊದಲೇ ಧುಮುಕಿ ಓಡಿದೆ. ಇಡೀ ದಿನ ಬಾಯಲ್ಲಿ ತಿರುಗಿದ ಮಾತು ಒಂದೇ, ಅದೇ ಹೊರಗೆ ಬಂತು.

"ಆ ಬೆಡ್‌ಶೀಟ್," ಎಂದೆ, ಕೈ ಚಾಚಿ ತೋರಿಸುತ್ತಾ. "ಅದು ದೇವದುರ್ಗದಾಗ ಕೊಟ್ಟಿದ್ದಲ್ಲ?"

ಓಡಿ ಬಂದದ್ದಕ್ಕೆ ಮುಂದಿನ ಮಾತು ಬರಲಿಲ್ಲ, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಆಕೆ ನನ್ನ ಸೀರೆ ನೋಡಿದಳು, ಹಿಂದೆ ಬರುತ್ತಿದ್ದ ಅತ್ತೆಯ ಸೀರೆ ನೋಡಿದಳು. "ಹೌದ್ರಿ," ಎಂದು ಎದ್ದು ನಿಂತಳು. ಯಾಕೆ ಎಂದು ಕೇಳಲಿಲ್ಲ. ಬಗ್ಗಿ ಗಂಟು ಬಿಚ್ಚತೊಡಗಿದಳು. ಬಿಗಿಯಾಗಿ ಕಟ್ಟಿದ್ದಳು, ಬೆರಳಿಗೆ ಬರದಿದ್ದಾಗ ಹಲ್ಲಿನಿಂದ ಎಳೆದಳು. ಜೋಳದ ಹಿಟ್ಟಿನ ಚೀಲ ನೆಲಕ್ಕಿಟ್ಟಳು. ಒಂದು ಅಲ್ಯುಮಿನಿಯಂ ಪಾತ್ರೆ, ಎರಡು ತಾಟು, ಖಾರದ ಡಬ್ಬಿ, ಮಡಿಚಿದ ಸೀರೆಗಳು, ಸಣ್ಣ ಮಕ್ಕಳ ಅಂಗಿ. ಎಲ್ಲ ಮಣ್ಣಿನಲ್ಲಿ. ಆಮೇಲೆ ಚಾದರವನ್ನು ಎತ್ತಿ ಝಾಡಿಸಿ, ಬಿಸಿಲಿಗೆ ಹಿಡಿದು, ಈ ಮಗ್ಗಲು ಆ ಮಗ್ಗಲು ತೋರಿಸಿದಳು.

"ಎರಡ ಸಲ ಹಾಸೀನ್ರಿ," ಎಂದಳು. "ಒಗದೀನಿ. ಎಲ್ಲೂ ಹರಿದಿಲ್ಲ, ನೋಡ್ಕೊಳ್ರಿ."

ಸುತ್ತ ಕೂತ ಮಂದಿ ನೋಡುತ್ತಿದ್ದರು. ಅವಳ ಗಂಡ ಮುಖ ತಿರುಗಿಸಿ ಬೀಡಿ ಹುಡುಕುತ್ತಿದ್ದ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅಲ್ಲ, ಅದಕ್ಕಲ್ಲ ಎನ್ನಬೇಕಿತ್ತು. ಕೊಟ್ಟದ್ದನ್ನು ಕೇಳಲು ಎಷ್ಟು ನಾಚಿಕೆಪಟ್ಟುಕೊಂಡು ಊರೂರು ತಿರುಗಿದೆವು ನಾವು. ಇವಳು ಮಾತ್ರ ಯಾರೋ ಬಂದು ಕೇಳಿಯೇ ಕೇಳುತ್ತಾರೆ ಎಂದು ಮೊದಲ ದಿನದಿಂದಲೇ ಕಾದಿದ್ದವಳಂತೆ ನಿಂತಿದ್ದಳು.

ಅತ್ತೆ ಬಂದವರೇ ಅವಳ ಕೈಯಿಂದ ಚಾದರ ಕಸಿದುಕೊಂಡರು. ಕಸಿದು ನೆಲಕ್ಕೆ ಹಾಸಿದರು. ಆ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹಿಟ್ಟಿನ ಚೀಲ ಇಟ್ಟರು, ಪಾತ್ರೆ ಇಟ್ಟರು, ಮಕ್ಕಳ ಅಂಗಿಗಳ ಮಣ್ಣು ಝಾಡಿಸಿ ಒಂದೊಂದಾಗಿ ಇಟ್ಟರು. ನಾಲ್ಕು ತುದಿ ಹಿಡಿದು ಕಟ್ಟಲು ಹೋದರೆ ಬಿಗಿ ಬರಲಿಲ್ಲ, ನಾನು ಕೂತು ಹಿಡಿದೆ.

"ಇದು ನಿಂದು, ಯವ್ವಾ," ಎಂದರು. "ಇದನ್ನ ಕೇಳಾಕ ಬಂದಿಲ್ಲ. ಇದರಾಗ ಒಂದ್ ಕಾಗದ ಇತ್ತಲ್ಲ, ಅದನ್ನ ಕೇಳಾಕ ಬಂದೀವಿ. ಈಕಿದು ಅದು."

"ಕಾಗದಾ?" ಎಂದಳು. ಕೊರಳಲ್ಲಿ ಜೋತುಬಿಟ್ಟಿದ್ದ ಪ್ಲಾಸ್ಟಿಕ್ ಚೀಲದಿಂದ ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ತೆಗೆದಳು. ಅವುಗಳ ನಡುವೆ ನಾಲ್ಕು ಮಡಿಕೆಯಾಗಿ ನನ್ನ ಅಂಕಪಟ್ಟಿ ಇತ್ತು. ಬೆವರಿಗೆ ಒಂದು ಅಂಚು ಹಳದಿಯಾಗಿತ್ತು. "ಮುದ್ರಿ ಇತ್ತು ನೋಡ್ರಿ, ಒಗಿಯಾಕ ಮನಸ್ಸಾಗಲಿಲ್ಲ. ಯಾರೋ ಕಷ್ಟಪಟ್ಟು ಓದಿರ್ತಾರ. ಬೆಂಗಳೂರಾಗ ಯಾರಿಗಾರ ತೋರಿಸಿ ಕೇಳಬೇಕಂತ ತೊಗೊಂಡ ಹೊಂಟಿದ್ದೆ," ಎಂದಳು. ಸೋಮವಾರ ಅಧಿಕಾರಿ ಆ ಮಡಿಕೆಗಳನ್ನು ಬೆರಳಿನಿಂದ ತೀಡಿ ನೋಡಿ ಸಹಿ ಹಾಕಿದರು. ನೌಕರಿ ಆಯಿತು. ಇವತ್ತಿಗೂ ಆ ಅಂಗನವಾಡಿಯ ಬೀಗದ ಕೈ ನನ್ನ ಸೊಂಟದಲ್ಲಿದೆ. ಆದರೆ ಅಂದು ಅರಕೇರಾದಲ್ಲಿ ಕಾಗದ ಕೈಗೆ ಬಂದ ಗಳಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಬಸ್ಸು ಬಂತು. ಎಲ್ಲರೂ ಒಮ್ಮೆಲೇ ನುಗ್ಗಿದರು. ಗಂಟುಗಳನ್ನೆಲ್ಲ ಬಸ್ಸಿನ ತಲೆಯ ಮೇಲೆ ಎಸೆಯುತ್ತಿದ್ದರು, ಅವಳು ತನ್ನದನ್ನು ಕೊಡಲಿಲ್ಲ, ಒಳಗೇ ಒಯ್ದಳು. ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ನಾನು ಕೆಳಗೆ ನಿಂತು ಏನು ಹೇಳಬೇಕೋ ತಿಳಿಯದೆ ಕೈ ಮುಗಿದೆ. ಅವಳು ನನ್ನನ್ನೂ ಅತ್ತೆಯನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಿಟಕಿಗೆ ಬಗ್ಗಿ ಕೇಳಿದಳು.

"ಯಕ್ಕಾ, ಖರೇನ ಬ್ಯಾಡೇನ್ರಿ? ಆಮ್ಯಾಲ ಕೇಳಂಗಿಲ್ಲಲ್ಲ?"

ಕೇಳಂಗಿಲ್ಲ ಎಂದು ಕೂಗಿದೆ. ಅಷ್ಟರಲ್ಲಿ ಬಸ್ಸು ಹೊರಟಿತ್ತು, ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು.